ಐದು ಮಹಡಿಯ ಆಟಿಕೆ ಹೊತ್ತು ಪುಣೆಗೆ

ಗೋಕಾಕದಿಂದ ಪುಣೆಗೆ ಹೊರಟ ಗುರುವಾರ ಬೆಳಿಗ್ಗೆ ನಮ್ಮಿಬ್ಬರ ಬಟ್ಟೆಬರೆ ಒಂದೇ ಕೈಚೀಲದಲ್ಲಿ ಹಿಡಿಸಿತು. ಆಟಿಕೆಗೆ ಮಾತ್ರ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ಬೇಕಾಯಿತು. ನಮ್ಮದು ಆಟಿಕೆ ಮಾಡುವ ಮನೆತನ. ನಮ್ಮವರು ಕಟ್ಟಿಗೆ ಕೆತ್ತುತ್ತಾರೆ, ನಾನು ಬಣ್ಣ ಹಾಕುತ್ತೇನೆ. ಮದುವೆಯಾಗಿ ಬಂದ ವರ್ಷವೇ ಕುಂಚ ಹಿಡಿದವಳಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ಬಾಳೆಹಣ್ಣು, ಬದನೆಕಾಯಿ, ಗಿಳಿ, ಗೌರಿ, ಗಣಪತಿ, ನಾನು ಬಣ್ಣ ಹಾಕದೆ ಬಿಟ್ಟ ಸಾಮಾನಿಲ್ಲ. ಆದರೆ ಕಟ್ಟಡ ಕಟ್ಟುವ ಸೈಟಿನ ಆಟಿಕೆಗೆ ಬಣ್ಣ ಹಾಕಿದ್ದು ಇದೇ ಮೊದಲು.

ಅದನ್ನು ಕೇಳಿದವಳು ನನ್ನ ನಾದಿನಿಯ ಮಗಳು ವೀಣಾ. ಧಾರವಾಡದಲ್ಲಿ ಬೆಳೆದು, ಮದುವೆಯಾಗಿ ಪುಣೆಯ ಬಿಬವೇವಾಡಿಗೆ ಹೋದವಳು. ಯೆರವಡಾದ ಆಚೆ ಏಳುತ್ತಿರುವ ಒಂದು ದೊಡ್ಡ ಕಟ್ಟಡದ ಸೈಟಿನಲ್ಲಿ, ಕೂಲಿಯವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಶಿಶುಮನೆ ಇದೆ. ಅಲ್ಲಿ ಅವಳಿಗೆ ಕೆಲಸ. ಒಟ್ಟು ಹನ್ನೆರಡು ಮಕ್ಕಳು, ಎಲ್ಲ ನಮ್ಮ ಯಾದಗಿರಿ, ರಾಯಚೂರು ಕಡೆಯವೇ. ಅವುಗಳಲ್ಲಿ ನಾಲ್ಕು ವರ್ಷದ ನಿಂಗಿ ಎಂಬ ಹುಡುಗಿ ಎರಡು ಸಲ ಕಣ್ಣು ತಪ್ಪಿಸಿ, ಅವ್ವನನ್ನು ಹುಡುಕುತ್ತ ಕೆಲಸದ ಜಾಗಕ್ಕೆ ಓಡಿಹೋಗಿದ್ದಳು. ಎರಡನೆಯ ಸಲ ಲಿಫ್ಟಿಗಾಗಿ ತೋಡಿದ ಗುಂಡಿಯ ಹತ್ತಿರ ಸಿಕ್ಕಳಂತೆ.

"ಇನ್ನೊಂದು ಸಲ ಹಿಂಗಾದ್ರ ತಾಯಿ ಮಗಳು ಇಬ್ಬರನ್ನೂ ಸೈಟಿನಿಂದ ಕಳಸ್ತೀನಿ ಅಂದಾರ ಸೂಪರ್‌ವೈಜರ್" ಎಂದು ವೀಣಾ ಫೋನಿನಲ್ಲಿ ಹೇಳಿದಳು. "ಹೋದ್ರ ಅಕಿ ಅವ್ವಗ ಕೆಲಸಿಲ್ಲ. ಹೋಗಲಿಲ್ಲಂದ್ರ ಈ ಹುಡುಗಿ ಜೀವಕ್ಕ ಖಾತ್ರಿ ಇಲ್ಲ. ಬೈದ್ರ ಕೇಳೂದಿಲ್ಲ ಮಾಮಿ, ಆಡ್ತ ಆಡ್ತ ತಿಳೀಬೇಕು. ನೀವು ಒಂದು ಕಟ್ಟಡ ಮಾಡಿಕೊಡ್ರಿ. ಅದರಾಗ ಗುಂಡಿನೂ ಇರ್ಲಿ. ಹೋಗಬಾರದ ಜಾಗಕ್ಕ ಕೆಂಪು ಹಚ್ರಿ."

ನಮ್ಮವರು ಹದಿನೈದು ದಿನ ಕೂತು ಐದು ಮಹಡಿಯ ಕಟ್ಟಡ ಮಾಡಿದರು. ಹಗ್ಗ ಎಳೆದರೆ ಮೇಲೇರುವ ಲಿಫ್ಟು, ಪಕ್ಕದಲ್ಲಿ ಬಾಗಿಲಿರುವ ಶಿಶುಮನೆ, ಕೆಳಗೆ ಗುಂಡಿ, ತಲೆಯ ಮೇಲೆ ಬುಟ್ಟಿ ಹೊತ್ತ ಅವ್ವ, ಹೆಬ್ಬೆರಳಷ್ಟು ಮಕ್ಕಳು. ಬಣ್ಣಕ್ಕೆ ಕೂತಾಗ ನನ್ನ ಕೈ ಸುಮ್ಮನಿರಲಿಲ್ಲ. ಗುಂಡಿಯೊಳಗೆಲ್ಲ ಗೌರಿಯ ಸೀರೆಗೆ ಹಾಕುವ ಕುಂಕುಮದ ಕೆಂಪು ತುಂಬಿದೆ. ಬೋಳುಬೋಳಾಗಿ ಕಂಡಿತು. ಅಂಚಿಗೆ ಅರಿಸಿನದ ಪಟ್ಟಿ ಎಳೆದೆ, ಅದರ ಮೇಲೆ ಬಿಳಿ ಚುಕ್ಕೆ ಇಟ್ಟೆ, ನಾಲ್ಕು ಮೂಲೆಗೆ ನಾಲ್ಕು ಕಮಲ ಬರೆದೆ. "ಗುಂಡಿಗೆ ಯಾಕ ಇಷ್ಟು ಸಿಂಗಾರ?" ಎಂದರು ನಮ್ಮವರು. "ಕೆತ್ತೂದು ನಿಮ್ಮದು, ಬಣ್ಣ ನಂದು. ನಿಮ್ಮ ಕೆಲಸ ನೀವು ನೋಡ್ರಿ" ಎಂದು ಬಾಯಿ ಮುಚ್ಚಿಸಿದೆ.

ಗೋಕಾಕದಿಂದ ನಿಪ್ಪಾಣಿಯವರೆಗೆ ನಮ್ಮ ಸರ್ಕಾರಿ ಬಸ್ಸು. ನನಗೆ ಶೂನ್ಯ ಟಿಕೆಟ್, ಅವರಿಗೆ ಪೂರ್ತಿ. ನಿಪ್ಪಾಣಿಯಲ್ಲಿ ಮಹಾರಾಷ್ಟ್ರದ ಬಸ್ ಹತ್ತಿದರೆ ನನಗೆ ಅರ್ಧ ಟಿಕೆಟ್, ಅವರಿಗೆ ಮತ್ತೆ ಪೂರ್ತಿ. "ಹೆಂಗಸಾಗಿ ಹುಟ್ಟಬೇಕಿತ್ತು" ಎಂದು ಗೊಣಗಿದರು. "ಹುಟ್ಟಿದ್ರ ಇವತ್ತು ನಾಲ್ಕಕ್ಕ ಎದ್ದು ಇಬ್ಬರಿಗೂ ರೊಟ್ಟಿ ಬಡೀಬೇಕಾಗ್ತಿತ್ತು" ಎಂದೆ. ಆಮೇಲೆ ಕೊಲ್ಹಾಪುರ ಬರುವವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತ ಕೂತರು.

ಸಂಕ್ರಾಂತಿ ಮುಗಿದು ಹದಿನೈದು ದಿನವಾಗಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ಅರ್ಧ ಹಿಡಿದು ತೂಗಾಡುತ್ತ ಹೋಗುತ್ತಿದ್ದವು. ಅವುಗಳ ಹಿಂದೆ ನಮ್ಮ ಬಸ್ಸೂ ತೆವಳಿತು. ಪೆಟ್ಟಿಗೆಯನ್ನು ಮೇಲಿಡಲು ನಾನು ಒಪ್ಪಲಿಲ್ಲ, ಕಾಲ ಹತ್ತಿರವೇ ಇಟ್ಟುಕೊಂಡೆ. ಕರಾಡದಲ್ಲಿ ಬಸ್ಸು ನಿಂತಾಗ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು. ಸಾತಾರೆಯಲ್ಲಿ ನಮ್ಮವರು ಇಳಿದು ಪೇಢೆ ತಂದರು. ವೀಣಾಳಿಗೆಂದು ಗೋಕಾಕದ ಕರದಂಟು ಚೀಲದಲ್ಲಿತ್ತು, ಪೇಢೆ ಬೇಕಾಗಿದ್ದು ಯಾರಿಗೆ ಎಂದು ನಾನು ಕೇಳಲಿಲ್ಲ. ಘಟ್ಟದ ಸುರಂಗ ದಾಟಿ ಕಾತ್ರಜ ಇಳಿಯುವ ಹೊತ್ತಿಗೆ ಬಿಸಿಲು ಬಾಗಿತ್ತು. ಸುಮಾರು ಮುನ್ನೂರೈವತ್ತು ಕಿಲೋಮೀಟರ್ ದಾರಿ. ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಾಗ ಇಬ್ಬರ ಸೊಂಟವೂ ಹಿಡಿದಿತ್ತು. ಅಲ್ಲಿಂದ ಬಿಬವೇವಾಡಿ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ.

ಶುಕ್ರವಾರ ಬೆಳಿಗ್ಗೆ ಚಳಿ ಇತ್ತು, ಶಾಲು ಹೊದ್ದೇ ಹೊರಟೆವು. ವೀಣಾ ನಮ್ಮನ್ನು ಮೆಟ್ರೋದಲ್ಲಿ ಕರೆದೊಯ್ದಳು. ಸ್ವಾರಗೇಟಿನಲ್ಲಿ ರೈಲು ನೆಲದ ಕೆಳಗಿದೆ. ತಾನೇ ಇಳಿಯುವ ಮೆಟ್ಟಿಲು ನೋಡಿ ನಮ್ಮವರು ಹಿಂದೆ ಸರಿದರು. ಪೆಟ್ಟಿಗೆ ವೀಣಾಳ ಕೈಗೆ ಕೊಟ್ಟು, ನನ್ನ ರಟ್ಟೆ ಹಿಡಿದು ಇಳಿದರು. ಮೂವತ್ತೈದು ವರ್ಷದಲ್ಲಿ ನಾಲ್ಕು ಜನರ ಎದುರು ನನ್ನ ಕೈ ಹಿಡಿದದ್ದು ಅದೇ ಮೊದಲು. ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಇಳಿದು, ಮೇಲೆ ಹೋಗಿ ಇನ್ನೊಂದು ರೈಲು ಹಿಡಿದೆವು. ಅದು ಮನೆಗಳ ಚಾವಣಿಯ ಮಟ್ಟದಲ್ಲಿ ಓಡಿ, ಹೊಳೆ ದಾಟಿ ಯೆರವಡಾದಲ್ಲಿ ಇಳಿಸಿತು. ಅಲ್ಲಿಂದ ಮತ್ತೆ ಶೇರ್ ರಿಕ್ಷಾ.

ಸೈಟು ದೊಡ್ಡದು. ಐದನೆಯ ಮಹಡಿಗೆ ಕಾಂಕ್ರೀಟು ಬಿದ್ದಿತ್ತು. ಮೂಲೆಯಲ್ಲಿ ತಗಡಿನ ಶೆಡ್ಡುಗಳ ಸಾಲು, ಅಲ್ಲಿ ಕೂಲಿಯವರ ವಾಸ. ಅದರ ಪಕ್ಕದ ಎರಡು ಕೋಣೆ ಶಿಶುಮನೆ. ನಡುಮಧ್ಯದಲ್ಲಿ ಲಿಫ್ಟಿನ ಗುಂಡಿ. ಅದರ ಸುತ್ತ ಕೆಂಪು ಬಿಳಿ ಪಟ್ಟಿ ಕಟ್ಟಿ ಒಂದು ಕೆಂಪು ಫಲಕ ನಿಲ್ಲಿಸಿದ್ದರು. ನಾನು ದೂರದಿಂದಲೇ ನೋಡಿದೆ. ಒಳಗೆ ಕಬ್ಬಿಣದ ಸರಳುಗಳು ಮೇಲ್ಮುಖವಾಗಿ ನಿಂತಿದ್ದವು.

ಪೆಟ್ಟಿಗೆ ಬಿಚ್ಚಿದಾಗ ಹನ್ನೆರಡೂ ಮಕ್ಕಳು ಮುತ್ತಿಕೊಂಡವು. ನಿಂಗಿ ಯಾರೆಂದು ಕೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಆಟಿಕೆಯ ಮೇಲಿದ್ದರೆ ಒಬ್ಬಳ ಕಣ್ಣು ಮಾತ್ರ ಆಗಾಗ ಬಾಗಿಲ ಕಡೆ ಹೊರಳುತ್ತಿತ್ತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೊಣಕಾಲಿನ ಮೇಲೆ ಒಣಗಿದ ಗಾಯ. "ಇದ್ರಾಗ ನಮ್ಮವ್ವ ಯಾರು?" ಎಂದು ಕೇಳಿದಳು. ಬುಟ್ಟಿ ಹೊತ್ತ ಗೊಂಬೆಯನ್ನು ಕೈಗೆ ಕೊಟ್ಟೆ. ಅದಕ್ಕೆ ಮೂಗುತಿ ಇತ್ತು, ಜರಿ ಅಂಚಿನ ಹಸಿರು ಸೀರೆ ಇತ್ತು. ನಿಂಗಿ ಅದನ್ನು ತಿರುವಿ ಮುರುವಿ ನೋಡಿ, ಮತ್ತೆ ಬಾಗಿಲ ಕಡೆ ಕಣ್ಣು ಹೊರಳಿಸಿದಳು.

ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ನಾವು ಮಾಡಿದ್ದನ್ನು ಜನ ಕೊಂಡು ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಮಕ್ಕಳು ಮುಟ್ಟಿದರೆ ಕೈಮೇಲೆ ಪೆಟ್ಟು ಬೀಳುತ್ತದೆ. ನಮ್ಮ ಮನೆಯಲ್ಲೂ ಅದೇ ಕಥೆ, ನನ್ನ ಮಕ್ಕಳು ಆಡಿದ್ದು ಬೆಂಕಿಪೊಟ್ಟಣದ ರೈಲಿನಲ್ಲಿ. ಇಲ್ಲಿ ಮೊದಲ ಸಲ ನನ್ನ ಬಣ್ಣಕ್ಕೆ ಮಕ್ಕಳ ಎಂಜಲು ಕೈ ತಾಕುತ್ತಿತ್ತು.

ಮಕ್ಕಳು ಲಿಫ್ಟು ಏರಿಸಿದವು, ಇಳಿಸಿದವು, ಜಗಳಾಡಿದವು. ಗುಂಡಿಯ ಹತ್ತಿರ ಬಂದಾಗ ವೀಣಾ "ಇದು ಕೆಂಪು, ಇಲ್ಲಿ ಹೋಗಬಾರದು" ಎಂದು ಹೇಳಿಕೊಟ್ಟಳು. ಹೌದೆಂದು ತಲೆ ಆಡಿಸಿದವು. ಅವಳು ಹಾಲು ಕಾಯಿಸಲು ಒಳಗೆ ಹೋದಳು. ಅಷ್ಟರಲ್ಲಿ ದೊಡ್ಡ ಹುಡುಗಿಯೊಬ್ಬಳು ಅವ್ವ ಗೊಂಬೆಯನ್ನು ನಿಂಗಿಯ ಕೈಯಿಂದ ತೆಗೆದುಕೊಂಡು ಆ ಗುಂಡಿಯೊಳಗೆ ನಿಲ್ಲಿಸಿದಳು. "ದುರಗವ್ವನ ಗುಡಿ!" ಎಂದಳು. ಕೆಂಪು, ಅರಿಸಿನ, ಬಿಳಿ ಚುಕ್ಕೆ, ಊರ ಹೊರಗಿನ ಕಲ್ಲಿಗೆ ಬಳಿಯುವ ಅದೇ ಬಣ್ಣ. ಮಕ್ಕಳು ಬಿಸ್ಕೀಟಿನ ಚೂರು ತಂದು ಎಡೆ ಇಟ್ಟವು. ಕೈ ಮುಗಿದವು. ನಿಂಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಮುಗಿದಳು.

ಹಾಲು ತಂದ ವೀಣಾ ಇದನ್ನು ನೋಡಿ ಮುಖ ಸಣ್ಣ ಮಾಡಿದಳು. "ಮಾಮಿ, ಇವು ಉಲ್ಟಾ ತಿಳಕೊಂಡಾವ" ಎಂದಳು. ನಾನು ನಗುತ್ತಿದ್ದೆ. "ಆಡ್ಲಿ ಬಿಡವಾ, ದೇವರನ್ನ ನೆನಸಿದ್ರ ಏನು ತಪ್ಪು?" ಎಂದೆ. ನಮ್ಮವರು ನನ್ನ ಕಮಲಗಳ ಕಡೆ ಒಮ್ಮೆ ನೋಡಿದರು, ಅಷ್ಟೇ.

ಶನಿವಾರ ಪೇಟೆ ನೋಡುವ ದಿನವೆಂದು ಇಟ್ಟುಕೊಂಡಿದ್ದೆವು. ವೀಣಾ ಕೆಲಸಕ್ಕೆ ಹೋದಳು, ನಾವು ತುಳಶಿಬಾಗಿಗೆ. ಕಾಲಿಡಲು ಜಾಗವಿಲ್ಲದ ಓಣಿ. ಒಂದು ಅಂಗಡಿಯ ತುಂಬ ಅಡಿಗೆ ಆಟದ ಹಿತ್ತಾಳೆ ಸಾಮಾನು, ಅಂಗೈ ತುಂಬದ ಒಲೆ, ಬೀಸುವ ಕಲ್ಲು, ಲಟ್ಟಣಿಗೆ, ಮುಚ್ಚಳವಿರುವ ಡಬ್ಬಿ. ಇದಕ್ಕೆ ಇಲ್ಲಿ ಭಾತುಕಲಿ ಎನ್ನುತ್ತಾರೆ. ಒಬ್ಬ ತಾಯಿ ಮಗನಿಗೂ ಕೊಡಿಸುತ್ತಿದ್ದಳು. ಅಂಗಡಿಯ ಮುದುಕಪ್ಪ ಮರಾಠಿಯಲ್ಲಿ, "ಈಗ ಗಂಡುಹುಡುಗರೂ ಒಯ್ಯುತ್ತಾರೆ, ಚಹಾ ಮಾಡುವುದನ್ನಾದರೂ ಕಲಿಯಲಿ" ಎಂದ. ನಮ್ಮವರನ್ನು ತೋರಿಸಿ "ಇವರಿಗೂ ಒಂದು ಸೆಟ್ ಕೊಡ್ರಿ" ಎಂದೆ. ಮುದುಕಪ್ಪ ನಕ್ಕ. ಬೀಸುವ ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾಗಲೇ ಫೋನು ಬಂತು.

ವೀಣಾ ಅಳುತ್ತಿದ್ದಳು. "ಮಾಮಿ, ನಿಂಗಿ ಸಿಕ್ಕಾಳ. ಏನೂ ಆಗಿಲ್ಲ. ಆದ್ರ ಲಗೂ ಬರ್ರಿ."

ರಿಕ್ಷಾದಲ್ಲಿ ಕೂತ ಮೇಲೆ ಇಡೀ ಸಂಗತಿ ಫೋನಿನಲ್ಲೇ ತಿಳಿಯಿತು. ಮಕ್ಕಳನ್ನು ಕೈತೊಳೆಯಲು ಸಾಲು ನಿಲ್ಲಿಸುವಾಗ ನಿಂಗಿ ಜಾರಿಕೊಂಡಿದ್ದಳು. ಈ ಸಲ ಅವಳು ಅಲ್ಲಿ ಇಲ್ಲಿ ಹುಡುಕಲಿಲ್ಲ. ನೆಟ್ಟಗೆ ಗುಂಡಿಗೆ ಹೋದಳು. ಪಟ್ಟಿಯ ಕೆಳಗೆ ನುಸುಳಿ, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಕೈಯಲ್ಲಿ ಬಿಸ್ಕೀಟು ಹಿಡಿದು "ಯವ್ವಾ" ಎಂದು ಒಳಗೆ ಕರೆಯುತ್ತಿದ್ದಳು. ಕಬ್ಬಿಣ ಕಟ್ಟುತ್ತಿದ್ದ ಒಬ್ಬಾತ ಹಿಂದಿನಿಂದ ಬಂದು ಎತ್ತಿಕೊಂಡ. ಯಾಕೆ ಅಲ್ಲಿಗೆ ಹೋದೆ ಎಂದು ಕೇಳಿದರೆ, "ಅವ್ವ ಕೆಂಪಿನಾಗ ಅದಾಳ" ಎಂದಳಂತೆ.

ಅದುವರೆಗೆ ಆ ಹುಡುಗಿಗೆ ಗುಂಡಿ ಎಂದರೆ ಬರೀ ಗುಂಡಿ. ಅದನ್ನು ಗುಡಿ ಮಾಡಿ, ಒಳಗೆ ಅವ್ವನನ್ನು ಕೂರಿಸುವ ಹಾಗೆ ಬಣ್ಣ ಬಳಿದು ತಂದುಕೊಟ್ಟವಳು ನಾನು. ಬೇರೆ ಯಾವ ಊರಿನವರು ಮಾಡಿದ್ದರೂ ಕೆಂಪು ಹಚ್ಚಿ ಸುಮ್ಮನಾಗುತ್ತಿದ್ದರು. ನನಗೆ ನನ್ನ ಕೈಯ ಮೇಲೇ ಅಸಹ್ಯ ಹುಟ್ಟಿತು. "ಹೇಳಿದ್ನಿ ಅಂತ ಅಂದುಬಿಡ್ರಿ ಒಮ್ಮೆ" ಎಂದೆ ನಮ್ಮವರಿಗೆ. ಅವರು ಅನ್ನಲಿಲ್ಲ. ನನಗೆ ಇನ್ನೂ ಅಳು ಬಂತು.

ಶಿಶುಮನೆಯ ಮುಂದೆ ಸೂಪರ್‌ವೈಜರ್ ನಿಂತಿದ್ದರು. ಮರಾಠಿಯವರು, ನಲವತ್ತರ ವಯಸ್ಸು. "ನನಗೂ ಇದೇ ವಯಸ್ಸಿನ ಮಗಳಿದ್ದಾಳೆ" ಎಂದು ವೀಣಾಳಿಗೆ ಮರಾಠಿಯಲ್ಲಿ ಹೇಳುತ್ತಿದ್ದರು. "ಮಗು ಬಿದ್ದಿದ್ದರೆ? ನಾನೇನು ರಾಕ್ಷಸನಲ್ಲ. ಆದರೆ ಈ ಹೆಂಗಸನ್ನು ಇಲ್ಲಿ ಇಟ್ಟುಕೊಳ್ಳಲಾರೆ." ಗುಂಡಿಯ ಸುತ್ತ ಆಗಲೇ ಹಲಗೆ ಬಡಿಯುವ ಸದ್ದು ಕೇಳುತ್ತಿತ್ತು. ಆ ಕೆಲಸ ಮೊದಲೇ ಆಗಬೇಕಿತ್ತೆಂದು ಅವರೇ ಒಪ್ಪಿಕೊಂಡರು. "ಈ ಗುಂಡಿ ಮುಚ್ಚಬಹುದು. ನಾಳೆ ಮೆಟ್ಟಿಲು, ನಾಡಿದ್ದು ಮೇಲಿನ ಅಂಚು. ಓಡುವ ಮಗುವಿಗೆ ಎಷ್ಟು ಹಲಗೆ ಬಡಿಯಲಿ?" ವೀಣಾ ಕೈಮುಗಿದು ಬೇಡಿಕೊಂಡಳು. ಕೊನೆಗೆ ಮಂಗಳವಾರದವರೆಗೆ ನೋಡುತ್ತೇನೆ ಎಂದರು.

ಸಂಜೆ ಕೆಲಸ ಬಿಟ್ಟ ಮೇಲೆ ನಿಂಗಿಯ ಅವ್ವ ದೇವಮ್ಮನ ಶೆಡ್ಡಿಗೆ ಹೋದೆವು. ಶಹಾಪುರದ ಕಡೆಯವಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಗಂಡ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಾನೆ. ಸೀರೆಯ ಮೇಲೆ ಗಂಡನ ಹಳೆಯ ನೀಲಿ ಅಂಗಿ ತೊಟ್ಟಿದ್ದಳು, ಹಳದಿ ಹೆಲ್ಮೆಟ್ಟು ಮೂಲೆಯಲ್ಲಿತ್ತು. ನಿಂಗಿ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಹೋಗಿದ್ದಳು. ತಪ್ಪು ನನ್ನದು ಎಂದು ನಾನು ಹೇಳಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

"ನಂದೇ ತಪ್ಪ್ರಿ ಯವ್ವ" ಎಂದಳು. "ಕೆಲಸಕ್ಕ ಹೋಗ್ತೀನಿ ಅಂದ್ರ ಕಾಲು ಹಿಡಕೊಂಡು ಅಳತಾಳ. ಅದಕ್ಕ ದಿನಾ ನೀರು ತರ್ತೀನಿ ಅಂತ ಹೇಳಿ ಹೋಗ್ತೀನಿ. ಇಲ್ಲಂದ್ರ ಅಂಗಡಿಗಿ. ಅಕಿ ಆಕಡಿ ನೋಡೂದ್ರಾಗ ಜಾರಕೊಂಡು ಬಿಡ್ತೀನಿ."

"ಆಮ್ಯಾಲ?"

"ಆಮ್ಯಾಲ ಅಕಿ ನೀರಿನ ಟಾಕಿ ತನಕ ಹುಡುಕತಾಳ್ರಿ. ಅಲ್ಲಿ ಇಲ್ಲಂದ್ರ ಮುಂದ ಹೋಗತಾಳ."

ಪೇಟೆಗೆ ಹೋಗುವಾಗ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಈಗ ಬಂದೆ ಎಂದು ಹಿತ್ತಲ ಬಾಗಿಲಿನಿಂದ ನಾನೂ ಹಾಗೆಯೇ ಜಾರಿಕೊಂಡವಳು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಮಗು ಅಳಬಾರದು, ಅಷ್ಟೇ ನಮ್ಮ ಚಿಂತೆ. ಆಮೇಲೆ ಅದು ಎಷ್ಟು ಹೊತ್ತು ಬಾಗಿಲು ಕಾಯಿತು ಎಂದು ಯಾರು ಕೇಳುತ್ತಾರೆ?

ವಾಪಸು ಬರುವ ರೈಲಿನಲ್ಲಿ ನಮ್ಮವರು ಬಾಯಿ ಬಿಟ್ಟರು. "ಆ ಹುಡುಗಿಗೆ ಗುಂಡಿ ಬಗ್ಗೆ ಏನೂ ಬೇಕಾಗಿಲ್ಲ. ಅವ್ವ ಎಲ್ಲದಾಳ ಅನ್ನೂದು ಗೊತ್ತಾಗಬೇಕು, ಯಾವಾಗ ಬರ್ತಾಳ ಅನ್ನೂದು ಗೊತ್ತಾಗಬೇಕು. ಅದನ್ನ ಮಾಡೂನು." ಈ ಮನುಷ್ಯ ವರ್ಷಕ್ಕೆ ನಾಲ್ಕು ಮಾತಾಡುತ್ತಾರೆ, ಅದರಲ್ಲಿ ಒಂದು ಹೀಗಿರುತ್ತದೆ.

ಭಾನುವಾರ ಎಲ್ಲಿಗೂ ಹೋಗಲಿಲ್ಲ. ವೀಣಾ ಹಿಂದಿನ ಸಂಜೆಯೇ ಆಟಿಕೆಯನ್ನು ಮನೆಗೆ ತಂದಿದ್ದಳು. ಅವಳ ಬಾಲ್ಕನಿಯಲ್ಲಿ ಹಳೆಯ ಸೀರೆ ಹಾಸಿಕೊಂಡು ಕೂತೆವು. ನಮ್ಮವರ ಚೀಲದಲ್ಲಿ ಉಳಿ, ಸಣ್ಣ ಗರಗಸ ಯಾವಾಗಲೂ ಇರುತ್ತವೆ, ಮದುವೆಗೆ ಹೋದರೂ ಬಿಡುವುದಿಲ್ಲ. ನನ್ನ ಬಣ್ಣ, ಕುಂಚವೂ ಅದರಲ್ಲೇ ಇದ್ದವು. ಮೊದಲು ಗುಂಡಿಯ ಭಾಗವನ್ನು ಕೊಯ್ದು ತೆಗೆದರು. ನಾಲ್ಕು ಕಮಲಗಳೂ ಕಸದ ಬುಟ್ಟಿಗೆ ಹೋದವು. ಆಮೇಲೆ ಪ್ರತಿ ಮಹಡಿಯ ಮುಂದೆ ಒಂದು ಗೂಟ ಬಡಿದು, ಅವ್ವ ಗೊಂಬೆಯ ಬೆನ್ನಿಗೆ ತೂತು ಕೊರೆದರು. ಗೊಂಬೆಯನ್ನು ಯಾವ ಮಹಡಿಗೆ ಬೇಕಾದರೂ ಸಿಕ್ಕಿಸಬಹುದು. ಶಿಶುಮನೆಯ ಬಾಗಿಲಿಗೂ ಒಂದು ಗೂಟ, ಅದರ ಮೇಲೆ ಒಂದು ಪುಟ್ಟ ಗಂಟೆ. ಸೈಟಿನಲ್ಲಿ ಊಟಕ್ಕೆ ಗಂಟೆ ಬಾರಿಸುತ್ತಾರೆ.

ನಾನು ಗೊಂಬೆಯ ಮೂಗುತಿ, ಜರಿ ಎಲ್ಲ ಕೆರೆದು ತೆಗೆದೆ. ಸೀರೆಯ ಮೇಲೆ ನೀಲಿ ಅಂಗಿ ತೊಡಿಸಿದೆ, ತಲೆಗೆ ಹಳದಿ ಹೆಲ್ಮೆಟ್ಟು ಇಟ್ಟೆ. ಅವಳ ಅಂಗಿಯ ಒಂದು ಬಟನ್ ಕಿತ್ತುಹೋಗಿದ್ದು ನೆನಪಿತ್ತು, ಗೊಂಬೆಗೂ ಅಲ್ಲಿ ಬಟನ್ ಬರೆಯದೆ ಬಿಟ್ಟೆ. ಇಷ್ಟು ಬೋಳಾದ ಗೊಂಬೆಯನ್ನು ಜನ್ಮದಲ್ಲಿ ಮಾಡಿರಲಿಲ್ಲ. ಮಧ್ಯಾಹ್ನ ವೀಣಾ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನಮ್ಮವರು ಪೇಢೆಯ ಪೊಟ್ಟಣ ಬಿಚ್ಚಿ ಒಬ್ಬರೇ ಮುಗಿಸಿದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊದಲೇ ನಾವು ಸೈಟಿನಲ್ಲಿದ್ದೆವು. ನಿಂಗಿ ಗೊಂಬೆ ನೋಡಿದ ಕೂಡಲೇ "ನಮ್ಮವ್ವ!" ಎಂದಳು. ವೀಣಾ ದೇವಮ್ಮನಿಗೆ ಎಲ್ಲ ಹೇಳಿಕೊಟ್ಟಿದ್ದಳು. ಆದರೂ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಒಮ್ಮೆ ವೀಣಾಳ ಮುಖ ನೋಡಿದಳು. ಗೊಂಬೆಯನ್ನು ಮೂರನೆಯ ಮಹಡಿಯ ಗೂಟಕ್ಕೆ ಸಿಕ್ಕಿಸಿ, "ನಾ ನೀರಿಗಿ ಹೋಗಾಕತ್ತಿಲ್ಲ. ಕೆಲಸಕ್ಕ ಹೊಂಟೀನಿ. ಇಲ್ಲಿ ಇರ್ತೀನಿ. ಗಂಟಿ ಆದ್ರ ಬರ್ತೀನಿ" ಎಂದಳು.

ನಿಂಗಿ ಕಿರುಚಿದಳು ನೋಡಿ! ಕಾಲಿಗೆ ಜೋತುಬಿದ್ದಳು, ನೆಲದ ಮೇಲೆ ಹೊರಳಾಡಿದಳು. ದೇವಮ್ಮ ಕಣ್ಣೊರೆಸಿಕೊಂಡು, ಎದುರಿನ ಬಾಗಿಲಿನಿಂದ, ಮಗಳು ನೋಡುತ್ತಿರುವಾಗಲೇ ಹೊರಟುಹೋದಳು. ಅರ್ಧ ಗಂಟೆ ಅಳು ನಿಲ್ಲಲಿಲ್ಲ. ಮೊದಲಿನದೇ ವಾಸಿಯಿತ್ತೇನೋ ಎಂದು ನನಗೂ ಅನಿಸಿತು. ಎರಡು ಸಲ ಬಾಗಿಲಿಗೆ ಓಡಿದಳು, ಎರಡೂ ಸಲ ವೀಣಾ ಎತ್ತಿ ತಂದು ಆಟಿಕೆಯ ಮುಂದೆ ಕೂರಿಸಿದಳು. "ಅವ್ವ ಎಲ್ಲದಾಳ?" ಎಂದು ಕೇಳಿದರೆ ಬಿಕ್ಕುತ್ತಲೇ ಮೂರನೆಯ ಮಹಡಿಗೆ ಬೆರಳು ಇಡುತ್ತಿದ್ದಳು. ಮಧ್ಯಾಹ್ನ ಗಂಟೆಯಾಯಿತು. ದೇವಮ್ಮ ಬಂದಳು. ಗೊಂಬೆಯನ್ನು ಬಾಗಿಲಿನ ಗೂಟಕ್ಕೆ ತಂದಿಟ್ಟು, ಆಮೇಲೆ ಮಗಳನ್ನು ಎತ್ತಿಕೊಂಡಳು. ಊಟವಾದ ಮೇಲೆ ಮತ್ತೆ ಅಳು, ಆದರೆ ಬೆಳಗಿನಷ್ಟಿಲ್ಲ.

ಮಂಗಳವಾರ ನಮ್ಮ ಹೊರಡುವ ದಿನ. ಮಧ್ಯಾಹ್ನದ ಬಸ್ಸು. ಚೀಲ ಹೊತ್ತುಕೊಂಡೇ ಶಿಶುಮನೆಗೆ ಹೋದೆವು. ದೇವಮ್ಮ ಮೂರನೆಯ ಮಹಡಿಗೆ ಗೊಂಬೆ ಸಿಕ್ಕಿಸಿ ಹೋದಳು. ನಿಂಗಿ ಸ್ವಲ್ಪ ಅತ್ತಳು. ಆಮೇಲೆ ಲಿಫ್ಟಿನಲ್ಲಿ ಕಲ್ಲಿನ ಹರಳು ತುಂಬಿ ಮೂರನೆಯ ಮಹಡಿಗೆ ಕಳಿಸುತ್ತ ಕೂತಳು. ಅವ್ವನಿಗೆ ಸಾಮಾನು ಕಳಿಸುತ್ತಿದ್ದಾಳಂತೆ. ಸೂಪರ್‌ವೈಜರ್ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಈ ಹುಡುಗಿ ಈಗ ಒಂದು ಸಲ ಬಾಗಿಲ ಕಡೆ ಓಡಿದರೆ ಮುಗಿಯಿತು.

ಹತ್ತೂವರೆಯ ಹೊತ್ತಿಗೆ ದೇವಮ್ಮನೇ ಓಡುತ್ತ ಬಂದಳು. ಹೆಲ್ಮೆಟ್ಟು ಓರೆಯಾಗಿತ್ತು, ಏದುಸಿರು ಬಿಡುತ್ತಿದ್ದಳು. "ಕೆಲಸ ಬಿಟ್ಟು ಇಲ್ಲೇನು?" ಎಂದು ಸೂಪರ್‌ವೈಜರ್ ಮರಾಠಿಯಲ್ಲಿ ಗದರಿದರು. ಅವಳು ಹೆದರಿದಳು, ಆದರೆ ನಿಲ್ಲಲಿಲ್ಲ. ನೆಟ್ಟಗೆ ಆಟಿಕೆಯ ಹತ್ತಿರ ಹೋಗಿ, ಮೂರನೆಯ ಮಹಡಿಯಿಂದ ಗೊಂಬೆ ತೆಗೆದು ಐದನೆಯದಕ್ಕೆ ಸಿಕ್ಕಿಸಿದಳು.

"ನನ್ನನ್ನ ಐದನೇ ಮಾಳಿಗಿಗಿ ಹಾಕ್ಯಾರ್ರಿ" ಎಂದು ವೀಣಾಳಿಗೆ ಹೇಳಿದಳು. "ಸಾಹೇಬ್ರಿಗಿ ಹೇಳ್ರಿ ಅಕ್ಕಾರ, ಈಗ ಹೋಗಿಬಿಡ್ತೀನಿ. ಇಕಿ ಮೂರನೇದು ನೋಡಕೋತ ಕುಂತಿರ್ತಾಳ. ನನ್ನ ಗೊಂಬಿ ಸುಳ್ಳು ಹೇಳಬಾರದ್ರಿ."

ವೀಣಾ ಅದನ್ನು ಮರಾಠಿಯಲ್ಲಿ ಹೇಳಿದಳು. ಸೂಪರ್‌ವೈಜರ್ ಒಳಗೆ ಬಂದು, ಕನ್ನಡಕ ಏರಿಸಿಕೊಂಡು, ಗೂಟಕ್ಕೆ ತೂಗಿದ್ದ ಗೊಂಬೆಯನ್ನು ನೋಡಿದರು. ನಾವೆಲ್ಲ ನಿಂಗಿಯನ್ನೇ ನೋಡುತ್ತಿದ್ದೆವು. ಅವ್ವ ಕೈಗೆಟುಕುವಷ್ಟು ಹತ್ತಿರ ನಿಂತಿದ್ದಳು. ಈಗ ಕಾಲು ಹಿಡಿಯುತ್ತಾಳೆ ಎಂದುಕೊಂಡೆ.

ನಿಂಗಿ ಗೊಂಬೆಯನ್ನು ನೋಡಿದಳು, ಅವ್ವನನ್ನು ನೋಡಿದಳು. ಲಿಫ್ಟಿನ ಹಗ್ಗವನ್ನು ಐದನೆಯ ಮಹಡಿಯವರೆಗೆ ಎಳೆದಳು.

"ಹೋಗವ್ವ" ಎಂದಳು. "ಗಂಟಿ ಆದಮ್ಯಾಲ ಬಾ."

ದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಟಳು. ಸೂಪರ್‌ವೈಜರ್ "ಬಾಕಿ ಹನ್ನೊಂದು ಮಕ್ಕಳ ಅವ್ವಂದಿರ ಗೊಂಬೆ ಎಲ್ಲಿ?" ಎಂದು ನಮ್ಮವರನ್ನು ಕೇಳಿದರು. ಹನ್ನೊಂದು ಜನರ ಸೀರೆ ಬಣ್ಣ, ಅಂಗಿ ಬಣ್ಣ ನಾನು ವೀಣಾಳಿಂದ ಕೇಳಿ ಟಿಕೆಟಿನ ಹಿಂದೆ ಬರೆದುಕೊಂಡೆ. ಒಬ್ಬಳು ಕುಂಟುತ್ತಾಳೆ, ಒಬ್ಬಳು ಬಸುರಿ, ಅದನ್ನೂ ಬರೆದೆ.

ಗೇಟಿನ ಹೊರಗೆ ರಿಕ್ಷಾ ಹತ್ತುವ ಮೊದಲು ತಿರುಗಿ ನೋಡಿದೆ. ಐದನೆಯ ಮಹಡಿಯಲ್ಲಿ ಬಿಸಿಲಿಗೆ ಎದುರಾಗಿ ಆರೇಳು ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು, ಎಲ್ಲರಿಗೂ ಹಳದಿ ಹೆಲ್ಮೆಟ್ಟು. ಅವರಲ್ಲಿ ದೇವಮ್ಮ ಯಾರೆಂದು ನನಗೆ ಗುರುತು ಸಿಗಲಿಲ್ಲ. ಅವಳು ಅಲ್ಲಿದ್ದಾಳೆಂದು ಕೆಳಗೆ ಕೂತ ನಿಂಗಿಗೆ ಗೊತ್ತಿತ್ತು.